ಕ್ರೆಸ್ಟೆಡ್ ಗೆಕ್ಕೊ ಎಂಬ ಸಾಕುಹಲ್ಲಿಗೆ ಎರಡಡಿ ಉದ್ದದ ಮೀನಿನ ತೊಟ್ಟಿ ಸಾಕಾ?
ನಿಮ್ಮ ಗೆಕ್ಕೊ ರಾತ್ರಿಯಿಡೀ ತೊಟ್ಟಿಯ ಮುಚ್ಚಳಕ್ಕೇ ಅಂಟಿಕೊಂಡಿರುತ್ತದೆ, ಊಟ ಕಮ್ಮಿ ಆಗಿದೆ ಅಂದಿರಲ್ಲ, ತೊಂದರೆ ತೊಟ್ಟಿಯ ಉದ್ದದ್ದಲ್ಲ, ಎತ್ತರದ್ದು. ಒಂದಡಿ ಎತ್ತರ ಯಾತಕ್ಕೂ ಸಾಲದು. ಇದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪಗಳ ಮರ ಹತ್ತುವ ಜೀವಿ ಅಲ್ವಾ?

ಬೆಳೆದ ಗೆಕ್ಕೊ ಆದರೆ 45 ಸೆಂ.ಮೀ. ಉದ್ದ, 45 ಅಗಲ, 60 ಎತ್ತರದ ಪೆಟ್ಟಿಗೆ ಮಾಡಿಸಿ. ಮರಿಗೆ 30, 30, 45 ಸಾಕು. ಅದಕ್ಕಿಂತ ದೊಡ್ಡದಾದರೆ ಮರಿಗೆ ಊಟದ ಬಟ್ಟಲು ಹುಡುಕುವುದೇ ಕಷ್ಟವಾಗಬಹುದು. ಬಾಗಿಲು ಮುಂದುಗಡೆ ಇರಲಿ. ಮೇಲ್ಗಡೆ ಮತ್ತು ಒಂದು ಬದಿಗೆ ಜಾಲರಿ ಹಾಕಿಸಿ. ಪೂರ್ತಿ ಗಾಜಾದರೆ ನಿಮ್ಮ ಮಡಿಕೇರಿ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದು ಗ್ಯಾರಂಟಿ.

ಆಮೇಲೆ ಔಷಧಿ ಹೊಡೆಯದ ಗಿಡದಿಂದ ಹೆಬ್ಬೆರಳು ದಪ್ಪದ ಕಾಫಿ ಕೊಂಬೆ ತಂದು, ತೊಳೆದು ಒಣಗಿಸಿ, ಓರೆಯಾಗಿ ಮೇಲಿನ ತನಕ ನಿಲ್ಲಿಸಿ. ಎಲೆಯ ಮರೆಯೂ ಬೇಕು. ಇಲ್ಲದಿದ್ದರೆ ಗಾಜಿನ ಮೇಲೆ ತಲೆಕೆಳಗಾಗಿ ಮಲಗಿ ಮಲಗಿ ಬಾಲ ಬೆನ್ನಿನ ಕಡೆಗೆ ಜೋತುಬೀಳಬಹುದು. ಬಟ್ಟಲನ್ನು ನೆಲಕ್ಕಿಡದೆ ಅರ್ಧ ಎತ್ತರದಲ್ಲಿ ಕಟ್ಟಿ.

ಊಟ ಕಮ್ಮಿ ಆಗಿರುವುದಕ್ಕೂ ಇದೇ ಕಾರಣ ಅಂತ ನೋಡದೆ ಹೇಳಲಾರೆ, ಚಳಿಯೂ ಇರಬಹುದು. ಒಳಗೆ ಒಂದು ಥರ್ಮಾಮೀಟರ್ ಇಡಿ. ಹಗಲು 22ರಿಂದ 26 ಡಿಗ್ರಿ ಚೆನ್ನ, 28 ದಾಟಬಾರದು. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುತ್ತಾ ಹೋದರೆ ಸುಮ್ನೆ ಕಾಯಬೇಡಿ, ಪಶುವೈದ್ಯರಿಗೆ ತೋರಿಸಿ.