ದೇವದಾಸಿ ಸುಧಾರಣೆ ಮೇಲೆ ಪಿಎಚ್‌ಡಿ ಮಾಡಲಾ, ಸರ್ಕಾರದ ಅಧಿಕಾರ ಬೆಳೆದ ಬಗೆ ಮೇಲೆ ಮಾಡಲಾ? (ಎಂ.ಎ. ಇತಿಹಾಸ, ದಾವಣಗೆರೆ)

ಎರಡೂ ಒಂದೇ ವಿಷಯ ಕಣ್ರೀ. ನಾನೂ ಬೇರೆ ಬೇರೆ ಅಂದ್ಕೊಂಡೇ ಹಾಳಾಗಿದ್ದು.

1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ನಿಲ್ಲಿಸೋಕೆ ಆಗಿದ್ದು ಯಾಕೆ? ಆ ಗುಡಿಗಳ ಸಂಬಳ, ಇನಾಮು, ಲೆಕ್ಕಪತ್ರ ಆಗಲೇ ಸರ್ಕಾರದ ಕೈಲಿತ್ತು. ಮುಜರಾಯಿಗೆ ಸೇರದ ಊರಗುಡಿ ಆ ಆದೇಶದ ವ್ಯಾಪ್ತಿಗೇ ಬರಲಿಲ್ಲ. ಹಾಗಾಗಿ ಸುಧಾರಕರ ಭಾಷಣಕ್ಕಿಂತ ಮೊದಲು ಮುಜರಾಯಿ ಲೆಕ್ಕದ ಕಡತ ತೆಗೀರಿ.

ನನ್ನ ತಪ್ಪು ಉಚ್ಚಂಗಿದುರ್ಗದ ದೇವದಾಸಿಯರ ವಿಷಯದ್ದು. ದಾವಣಗೆರೆಯಿಂದ ಬಸ್ಸಲ್ಲಿ ಹೋಗಿಬರೋ ಊರು, ಮೈಸೂರು ಸೀಮೆದೇ ಇರಬೇಕು ಅಂತ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಎಂಟು ತಿಂಗಳು ಮೈಸೂರಿನ ಕಡತ ತಿರುವಿದೆ. ಒಂದು ಚೀಟಿಯೂ ಸಿಗಲಿಲ್ಲ. ಅಲ್ಲಿಗೆ ಬಿಡಬೇಕಿತ್ತು, ‘ಸರ್ಕಾರ ಕಣ್ಣುಮುಚ್ಚಿ ಕೂತಿತ್ತು’ ಅಂತ ಒಂದು ಅಧ್ಯಾಯವನ್ನೇ ಬರೆದೆ! ಉಚ್ಚಂಗಿದುರ್ಗ ಇರೋ ಹರಪನಹಳ್ಳಿ ತಾಲ್ಲೂಕು 1953ರವರೆಗೆ ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿತ್ತು. 1909ರ ಆದೇಶ ಅಲ್ಲಿಗೆ ಸಂಬಂಧವೇ ಇಲ್ಲ; ಅಲ್ಲಿಗೆ ಅನ್ವಯಿಸಿದ್ದು ಮದ್ರಾಸಿನ 1947ರ ದೇವದಾಸಿ ನಿಷೇಧ ಕಾಯ್ದೆ. ನೋಡಬೇಕಾದ ಕಡತ ಚೆನ್ನೈ ಎಗ್ಮೋರಿನ ಪತ್ರಾಗಾರದ್ದು. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಹರಪನಹಳ್ಳಿ ಸೇರಿದ್ದೂ ಆಗಲೇ, 2018ರಲ್ಲಿ ವಾಪಸ್ ಬಳ್ಳಾರಿಗೆ, 2021ರಿಂದ ವಿಜಯನಗರ ಜಿಲ್ಲೆಗೆ. ನಾನು ಇವತ್ತಿನ ನಕ್ಷೆ ಹಿಡ್ಕೊಂಡು ನೂರು ವರ್ಷದ ಹಿಂದಿನ ಸರ್ಕಾರವನ್ನ ಬೈದಿದ್ದೆ.

ಅದಕ್ಕೇ ಮೊದಲ ವಾರ ಒಂದು ಪಟ್ಟಿ ಮಾಡಿ: ಪ್ರತಿ ಊರು 1881, 1909, 1947, 1953, 1997ರಲ್ಲಿ ಯಾವ ತಾಲ್ಲೂಕು, ಯಾವ ಜಿಲ್ಲೆ, ಯಾರ ಸರ್ಕಾರ. ಹೊನ್ನಾಳಿ, ಚನ್ನಗಿರಿ 1997ರವರೆಗೆ ಶಿವಮೊಗ್ಗದವು. ಇಂಗ್ಲಿಷ್ ಸೂಚಿಯಲ್ಲಿ ಚಿತ್ರದುರ್ಗ ‘ಚಿತಲ್‌ದ್ರೂಗ್’ ಅಂತಿರುತ್ತೆ. ಕಡತ ಸಂಖ್ಯೆ, ವರ್ಷ, ಇಲಾಖೆ, ಪುಟ ಅವತ್ತೇ ಬರ್ಕೊಳ್ಳಿ. ಫೋಟೋ ಮಾತ್ರ ಇದ್ರೆ ಆರು ತಿಂಗಳಿಗೆ ಯಾವುದು ಎಲ್ಲಿಯದು ಅಂತ ಗೊತ್ತಾಗಲ್ಲ.

ಬಾಲ್ಯವಿವಾಹದ ಕಡೆ ಮನಸ್ಸಿದ್ರೆ ಮೈಸೂರಿನ 1894ರ ಕಾನೂನು ನೋಡಿ: ಎಂಟು ತುಂಬದ ಹುಡುಗಿ ಮದುವೆ ಇಲ್ಲ, ಐವತ್ತು ದಾಟಿದವನು ಹದಿನಾಲ್ಕರೊಳಗಿನವಳನ್ನ ಕಟ್ಟಿಕೊಳ್ಳೋ ಹಾಗಿಲ್ಲ. ಸರಿ, ವಯಸ್ಸು ಹೇಳೋರು ಯಾರು? ಜಾತಕವಾ, ಪಟೇಲನಾ, ಜನನ ದಾಖಲೆಯಾ? ಸರ್ಕಾರ ಮನೆಯೊಳಗೆ ಕಾಲಿಟ್ಟಿದ್ದು ಆ ಪ್ರಶ್ನೆಯಿಂದ. ನಿಮ್ಮ ಪ್ರಬಂಧ ಅಲ್ಲಿದೆ.

ಕೆಲಸದ ಮಾತು: ಕೆ-ಸೆಟ್ (ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ರಾಜ್ಯದ ಅರ್ಹತಾ ಪರೀಕ್ಷೆ) ಮೊದಲು ಮುಗಿಸಿ. ಯುಜಿಸಿ-ನೆಟ್ ಪರೀಕ್ಷೆಯಿಂದ ಬರೋ ಸಂಶೋಧನಾ ವೇತನ (ಜೆಆರ್‌ಎಫ್) ಸಿಗದಿದ್ರೆ ಮೈಸೂರು ಸೀಮೆಯ ತಾಲ್ಲೂಕನ್ನೇ ಆರಿಸ್ಕೊಳ್ಳಿ, ಚೆನ್ನೈ ಓಡಾಟ ಕೈಯಿಂದ ಹಾಕೋಕೆ ಆಗಲ್ಲ.