ತರಂಗಾಂತರ ಹಂಚಿಕೊಂಡರೆ ಸಿಗ್ನಲ್ ಕಲಸುಮೇಲೋಗರ ಆಗುವುದಿಲ್ಲವೇ?

ನೀವು ಎರಡು ವಿಷಯ ಕೇಳಿದ್ದೀರಿ: ಒಂದೇ ತರಂಗಾಂತರವನ್ನು ಹಲವರು ಬಳಸಿದರೆ ಸಿಗ್ನಲ್ ಕೆಡುವುದಿಲ್ಲವೇ, ಹರಾಜು ಹಾಕಿ ಒಬ್ಬರಿಗೇ ಕೊಟ್ಟರೆ ಸುಲಭ ಅಲ್ವಾ ಅಂತ.

ಸುಮ್ನೆ ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ಕೆಡುತ್ತದೆ, ನಿಮ್ಮ ಅನುಮಾನ ಸರಿಯೇ. ಆದರೆ ಹಂಚಿಕೆ ಅಂದರೆ ಅದಲ್ಲ. ಅಮೆರಿಕದ ಸಿಬಿಆರ್‌ಎಸ್ (ಸಿಟಿಜನ್ಸ್ ಬ್ರಾಡ್‌ಬ್ಯಾಂಡ್ ರೇಡಿಯೋ ಸರ್ವಿಸ್) ಎಂಬ ಹಂಚಿಕೆ ವ್ಯವಸ್ಥೆ ನೋಡಿ. 3550ರಿಂದ 3700 ಮೆಗಾಹರ್ಟ್ಸ್‌ವರೆಗಿನ ಈ ತರಂಗಾಂತರ ಪಟ್ಟಿಯಲ್ಲಿ (ಬ್ಯಾಂಡ್) ನೌಕಾಪಡೆಯ ರಾಡಾರ್‌ಗಳಿವೆ. ಅವು ಎಲ್ಲ ಕಡೆ, ಎಲ್ಲ ಹೊತ್ತಲ್ಲಿ ಓಡುವುದಿಲ್ಲ. ಹಾಗಾಗಿ ಅಲ್ಲಿನ ನಿಯಂತ್ರಕ ಎಫ್‌ಸಿಸಿ 2015ರಲ್ಲಿ ಮೂರು ಮೆಟ್ಟಿಲು ಮಾಡಿತು. ರಾಡಾರ್‌ನಂಥ ಹಳೆಯ ಬಳಕೆದಾರರಿಗೆ ಮೊದಲ ಹಕ್ಕು. ಆಮೇಲೆ ಹರಾಜಿನಲ್ಲಿ ಲೈಸೆನ್ಸ್ ಕೊಂಡವರು. ಉಳಿದ ಜಾಗದಲ್ಲಿ, ಲೈಸೆನ್ಸ್ ಇಲ್ಲದೆಯೂ, ಒಪ್ಪಿಗೆ ಪಡೆದ ಉಪಕರಣ ಇಟ್ಟುಕೊಂಡ ಯಾರು ಬೇಕಾದರೂ. ಕರಾವಳಿಯ ಸೆನ್ಸರ್‌ಗಳು ರಾಡಾರ್ ಸಿಗ್ನಲ್ ಹಿಡಿದ ಕೂಡಲೇ ಒಂದು ಸಾಫ್ಟ್‌ವೇರ್ ವ್ಯವಸ್ಥೆ ಕೆಳಗಿನವರಿಗೆ "ಜಾಗ ಬಿಡಿ" ಎನ್ನುತ್ತದೆ. ನನಗೆ ತುಂಬ ಇಷ್ಟವಾದದ್ದು ಇದೇ: ಜಗಳ ಬಿಡಿಸುವುದು ಕಡತವಲ್ಲ, ಕಂಪ್ಯೂಟರ್.

ಇದರಿಂದ ಕಾರ್ಖಾನೆ, ಬಂದರು, ಸಣ್ಣ ಬ್ರಾಡ್‌ಬ್ಯಾಂಡ್ ಸಂಸ್ಥೆಗಳು ದೊಡ್ಡ ಹರಾಜಿಗೆ ದುಡ್ಡು ಸುರಿಯದೆ ಸ್ವಂತ ನೆಟ್‌ವರ್ಕ್ ಕಟ್ಟಬಹುದು. ಹರಾಜಲ್ಲಿ ಕೊಂಡವರು ಎಲ್ಲ ಊರಲ್ಲೂ ಟವರ್ ಹಾಕುವುದಿಲ್ಲವಲ್ಲ!

ತೊಂದರೆಯೂ ಇದೆ. ಇಲ್ಲಿ ಪ್ರಸಾರದ ಶಕ್ತಿಗೆ ಮಿತಿ ಬಿಗಿ, ವ್ಯಾಪ್ತಿ ಕಡಿಮೆ. ಬೇರೆಯವರ ಸಿಗ್ನಲ್ ಅಡ್ಡ ಬಂದರೆ ಮೂರನೇ ಮೆಟ್ಟಿಲಿನವರಿಗೆ ಯಾವ ರಕ್ಷಣೆಯೂ ಇಲ್ಲ. ಒಂದೇ ಟವರ್‌ನಿಂದ ದೂರದ ಹಳ್ಳಿಗಳನ್ನು ಮುಟ್ಟಬೇಕಾದರೆ 700 ಮೆಗಾಹರ್ಟ್ಸ್‌ನಂಥ ಕಡಿಮೆ ಮೆಗಾಹರ್ಟ್ಸ್‌ನ ಪಟ್ಟಿಗಳೇ ಬೇಕು. ಅವನ್ನು ನೀವು ಹೇಳಿದ ಹಾಗೆ ಹರಾಜು ಹಾಕಿ ಒಬ್ಬರಿಗೇ ಕೊಡುವುದು ಜಾಸ್ತಿ ಸರಿ, ಆದರೆ ಇಂತಿಷ್ಟು ವರ್ಷದಲ್ಲಿ ಸೇವೆ ಕೊಡಲೇಬೇಕು ಎಂಬ ಷರತ್ತಿನ ಜೊತೆ.