ಊಟ ಆಯ್ತಾ ಅಂತ ಕೇಳುವವರಿಲ್ಲದ ಊರಲ್ಲಿ

ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ. ಕೆಲಸದ ವೀಸಾದಲ್ಲಿ ಲಂಡನ್ನಿಗೆ ಬಂದು ಮೂರು ತಿಂಗಳಾಯಿತು, ನಿದ್ದೆ ಸರಿಯಿಲ್ಲ, ಅಡುಗೆ ಮಾಡಲು ಮನಸ್ಸಿಲ್ಲ, ಇಷ್ಟಕ್ಕೆಲ್ಲ ಡಾಕ್ಟರ್ ಹತ್ತಿರ ಹೋಗುವುದಾ ಅಂತ ಕೇಳಿದ್ದೀಯ. ಹೋಗಲೇಬೇಕು.

ನನ್ನ ಮೊದಲ ಚಳಿಗಾಲ ಹೇಳುತ್ತೇನೆ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಹೊತ್ತು ಮುಳುಗುತ್ತದೆ. ಕೆಲಸದಿಂದ ಬಂದವಳು ಕೋಟು ಕೂಡ ಬಿಚ್ಚದೆ ಅಡುಗೆಕಟ್ಟೆಗೆ ಒರಗಿ ನಿಂತು ಬ್ರೆಡ್ಡು, ಚಿಪ್ಸ್ ತಿನ್ನುತ್ತಿದ್ದೆ. ಅಮ್ಮ ಫೋನಿನಲ್ಲಿ "ಊಟ ಆಯ್ತಾ?" ಅಂದರೆ "ಆಯ್ತಮ್ಮ, ಅನ್ನ ಸಾರು" ಅನ್ನುತ್ತಿದ್ದೆ. ಏನು ತಿನ್ನಬೇಕು ಅಂತ ಚೆನ್ನಾಗಿಯೇ ಗೊತ್ತಿತ್ತು. ಒಬ್ಬಳಿಗೋಸ್ಕರ ಒಲೆ ಹಚ್ಚಲು ಕೈ ಬರುತ್ತಿರಲಿಲ್ಲ.

ಹಾಗೇ ವರ್ಷಗಳು ಕಳೆದವು. ಇಂಗ್ಲೆಂಡಿನಲ್ಲಿ 40ರಿಂದ 74 ವಯಸ್ಸಿನವರಿಗೆ, ಮೊದಲೇ ಕಾಯಿಲೆ ಇಲ್ಲದಿದ್ದರೆ, ಐದು ವರ್ಷಕ್ಕೊಮ್ಮೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ತಪಾಸಣೆಗೆ ಕರೆ ಬರುತ್ತದೆ. ನನ್ನ ಸರದಿ ಬಂದಾಗ, ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 44 ಇತ್ತು. ಇಲ್ಲಿನ ಅಳತೆಯಲ್ಲಿ 42ರಿಂದ 47 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನೋಡಲು ನಾನು ದಪ್ಪವೇನೂ ಇರಲಿಲ್ಲ. ಆದರೆ ಬಿಳಿಯರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ಆದರೆ ಜಾಸ್ತಿ ಅಂತಾರಲ್ಲ, ನಮ್ಮ ಕಡೆಯವರಿಗೆ ಅದು 23ಕ್ಕೇ.

ಮನಸ್ಸಿನ ವಿಷಯದಲ್ಲಿ ನಾವು ಇನ್ನೂ ತಡ ಮಾಡುತ್ತೇವೆ. ಬೇಜಾರು ಅಂದರೆ ಮನೆಯವರು "ಸುಮ್ನೆ ಏನೇನೋ ಯೋಚನೆ ಮಾಡ್ಬೇಡ" ಅಂತಾರೆ. ಅದಕ್ಕೇ ಡಾಕ್ಟರ್ ಮುಂದೆಯೂ ತಲೆನೋವು, ಸುಸ್ತು ಅಂತಷ್ಟೇ ಹೇಳಿ ಎದ್ದು ಬರುತ್ತೇವೆ. ನೀನು ಹಾಗೆ ಮಾಡಬೇಡ. ನನಗೆ ಬರೆದದ್ದನ್ನೇ ಅಲ್ಲೂ ಹೇಳು. ಜಿಪಿ, ಅಂದರೆ ಮನೆ ಹತ್ತಿರದ ಸಾಮಾನ್ಯ ಡಾಕ್ಟರ್, ಹತ್ತಿರ ಹೆಸರು ನೋಂದಾಯಿಸಲು ದುಡ್ಡು ಕೊಡಬೇಕಿಲ್ಲ, ವಿಳಾಸದ ದಾಖಲೆಯೂ ಕಡ್ಡಾಯವಲ್ಲ. ಆಮೇಲೆ ಮಾತುಕತೆಯಿಂದ ಮನಸ್ಸಿಗೆ ಚಿಕಿತ್ಸೆ ಕೊಡುವ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ಡಾಕ್ಟರ್ ಚೀಟಿ ಇಲ್ಲದೆ ನೀನೇ ಅರ್ಜಿ ಹಾಕಬಹುದು. ವಿಟಮಿನ್ ಡಿ 10 ಮೈಕ್ರೋಗ್ರಾಂ ಮಾತ್ರೆ ಇವತ್ತಿನಿಂದಲೇ ದಿನಾ ಒಂದು ತಗೋ, ನಮ್ಮ ಚರ್ಮಕ್ಕೆ ಇಲ್ಲಿನ ಬಿಸಿಲು ಸಾಲದು.

ನನಗೆ ಜಾಸ್ತಿ ಸಹಾಯವಾದದ್ದು ಪಕ್ಕದ ಬೀದಿಯ ದಾವಣಗೆರೆ ದಂಪತಿ. ಮಂಗಳವಾರ ನಮ್ಮ ಮನೆಯಲ್ಲಿ ಮುದ್ದೆ, ಗುರುವಾರ ಅವರ ಮನೆಯಲ್ಲಿ ರೊಟ್ಟಿ. ಊಟಕ್ಕೆ ಯಾರಾದರೂ ಬರುತ್ತಾರೆ ಅಂದರೆ ತರಕಾರಿ ತಾನಾಗಿ ಮನೆಗೆ ಬರುತ್ತದೆ. ಮುಂದಿನ ವರ್ಷ ಎಚ್‌ಬಿಎ1ಸಿ 40ಕ್ಕೆ ಇಳಿಯಿತು.

ಭಾನುವಾರ ನಾವು ಮೂವರೂ ಥೇಮ್ಸ್ ದಂಡೆಯಲ್ಲಿ ನಡೆಯುತ್ತೇವೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನ ಪ್ರತಿಮೆ ಇದೆ, 2015ರಲ್ಲಿ ಅನಾವರಣವಾದದ್ದು. ಹನ್ನೊಂದು ಗಂಟೆಗೆ ಅಲ್ಲಿಗೆ ಬಾ. ಏನೂ ತರಬೇಡ, ಚಿತ್ರಾನ್ನ ನಾನು ತರುತ್ತೇನೆ.